ಅತ್ತೆಯ ಹೆಸರಿಗೆ ಬಂದ ಸಿಲಿಂಡರ್

ಪಾರ್ಸೆಲ್ ಎಲ್ಲಿಗೆ ಬಂತು ಎಂದು ದಿನಕ್ಕೆ ಎಷ್ಟು ಸಲ ಫೋನ್ ನೋಡಬಹುದು? ನೀವೂ ನೋಡಿದ್ದೀರಿ, ಸುಮ್ಮನೆ ಇಲ್ಲ ಅನ್ನಬೇಡಿ. ನಮ್ಮ ಕನ್ನಡಕದಂಗಡಿಯವನು ಆ ಸೋಮವಾರ ಮಧ್ಯಾಹ್ನದೊಳಗೆ ಇಪ್ಪತ್ತು ಸಲ ನೋಡಿದ್ದ. ಗಿರಾಕಿಯ ಮೂಗಿನ ಮೇಲೆ ಫ್ರೇಮ್ ಕೂರಿಸುವುದು, "ಒಂದ್ನಿಮಿಷ" ಎಂದು ಒಳಗೆ ಓಡುವುದು, ಬಂದು ಬಲಗಿವಿಯ ಕಡ್ಡಿ ಬಗ್ಗಿಸುವುದು, ಮತ್ತೆ ಒಳಗೆ ಓಡುವುದು. ಫೋನ್ ಹೇಳುತ್ತಿದ್ದುದು ಒಂದೇ ಮಾತು: ತಪಾಸಣೆಯಲ್ಲಿದೆ. ಒಂಬತ್ತು ದಿನದಿಂದಲೂ ಅದೇ ಹಾಡು.

ಅವನಿಗೊಂದು ಹುಚ್ಚು. ಮೊಳದುದ್ದದ ಉಗಿ ಎಂಜಿನ್ ಕಟ್ಟುವುದು. ಕೀಲಿ ಕೊಟ್ಟರೆ ಓಡುವ ಗೊಂಬೆಯಲ್ಲ. ನೀರು ಕುದಿದು, ಉಗಿ ನುಗ್ಗಿ, ನಿಜವಾಗಿ ಓಡುವಂಥದ್ದು. ಅಂಗಡಿಯ ಹಿಂಭಾಗದಲ್ಲಿ, ಲೆನ್ಸ್ ಉಜ್ಜುವ ಯಂತ್ರದ ಪಕ್ಕದ ಮೇಜಿನ ಮೇಲೆ, ಹನ್ನೊಂದು ತಿಂಗಳಿಂದ ಅದು ಎದ್ದು ನಿಲ್ಲುತ್ತಿತ್ತು. ಗಾಲಿ ಬಂದಿತ್ತು, ಬಾಯ್ಲರ್ ಬಂದಿತ್ತು. ಬರಬೇಕಾದದ್ದು ಸಿಲಿಂಡರ್ ಜೋಡಿ. ಉಗಿಯ ಬಲವನ್ನು ಗಾಲಿಗೆ ಮುಟ್ಟಿಸುವುದೇ ಅದು. ಅದಿಲ್ಲದಿದ್ದರೆ ಅಷ್ಟೂ ಕೆಲಸ ಬರೀ ನೀರು ಕಾಯಿಸುವ ಪಾತ್ರೆ. ಸಮುದ್ರದಾಚೆಯ ಮುದುಕನೊಬ್ಬ ತನ್ನ ಶೆಡ್ಡಿನಲ್ಲಿ ಅದನ್ನು ಎರಕ ಹೊಯ್ದು ಮಾರುತ್ತಿದ್ದ. "ಇದೇ ಕೊನೆಯ ಜೋಡಿ, ಇನ್ನು ಶೆಡ್ ಮುಚ್ಚುತ್ತೇನೆ" ಎಂದು ಬರೆದಿದ್ದ. ವಾಪಸ್ ಹೋದರೆ ಮತ್ತೆ ಸಿಗುವ ಮಾತೇ ಇಲ್ಲ.

ಇನ್ನು ನಮ್ಮವನ ಜಾಣತನ ಕೇಳಿ. ಹೊರದೇಶದಿಂದ ತರಿಸಿದ ಸಾಮಾನಿಗೆ ಮಾರಾಟ ತೆರಿಗೆ ಕಟ್ಟಬೇಕಲ್ಲ, ಅದನ್ನು ತಪ್ಪಿಸಲು ಹವ್ಯಾಸಿಗಳ ಗುಂಪಿನಲ್ಲಿ ಯಾರೋ ಹೇಳಿಕೊಟ್ಟ ಉಪಾಯ. ಆ ಮುದುಕನಿಗೆ ಕೊಟ್ಟ ಒಂದೇ ಆರ್ಡರನ್ನು ಮೂರು ಪೊಟ್ಟಣ ಮಾಡಿಸಿದ. ಗಾಲಿ ತನ್ನ ಹೆಸರಿಗೆ, ಬಾಯ್ಲರ್ ಹೆಂಡತಿಯ ಹೆಸರಿಗೆ, ಸಿಲಿಂಡರ್ ಅದೇ ಮನೆಯಲ್ಲಿರುವ ಅತ್ತೆಯ, ಅಂದರೆ ಹೆಂಡತಿಯ ತಾಯಿಯ, ಹೆಸರಿಗೆ. ಮೂರರ ಮೇಲೂ 'ಹುಟ್ಟುಹಬ್ಬದ ಉಡುಗೊರೆ' ಎಂದು ಬರೆಸಿದ. ಒಂದೇ ಮನೆಯ ಮೂರು ಜನ ಒಂದೇ ದಿನ ಹುಟ್ಟಿದ್ದಾರೆ ಅಂದರೆ ನಂಬೋಕೆ ತೆರಿಗೆಯವರೇನು ಕಿವಿಗೆ ಹೂ ಇಟ್ಟುಕೊಂಡಿದ್ದಾರಾ? ಎರಡು ಹೇಗೋ ನುಸುಳಿದವು. ಮೂರನೆಯದು ಸಿಕ್ಕಿಬಿತ್ತು.

ಸೋಮವಾರ ಸಂಜೆ ಅತ್ತೆಯೇ ಅಂಗಡಿಗೆ ಬಂದರು. ಅವರು ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಸಹಿಯಿಲ್ಲದೆ ಒಂದು ಮಾತ್ರೆಯನ್ನೂ ಆಚೆ ಬಿಟ್ಟವರಲ್ಲ. ಸಾಮಾನ್ಯವಾಗಿ ಮುಖ ಬಿಗಿ. ಅವತ್ತು ಮಾತ್ರ ಅರಳಿತ್ತು. ಪಾರ್ಸೆಲ್ ಕಚೇರಿಯಿಂದ ಬಂದ ಕಾಗದವೊಂದನ್ನು ಮುಂದೆ ಹಿಡಿದರು.

"ಅಳಿಯಂದ್ರೇ, ಇದನ್ನ ಓದಿ ಹೇಳಿ. ಅಕ್ಷರ ಇರುವೆ ಸಾಲಿನ ಹಾಗಿದೆ."

ಅವನು ಓದಿದ. ತಮ್ಮ ಹೆಸರಿಗೆ ಬಂದಿರುವ ಹುಟ್ಟುಹಬ್ಬದ ಉಡುಗೊರೆಯ ಬಗ್ಗೆ ಅನುಮಾನವಿದೆ. ಶುಕ್ರವಾರದೊಳಗೆ ಖುದ್ದಾಗಿ ಬಂದು ಇದು ಉಡುಗೊರೆಯೇ ಎಂದು ಸಹಿ ಮಾಡಬೇಕು. ಅಲ್ಲವಾದರೆ ನಿಜವಾದ ಬೆಲೆ ತಿಳಿಸಿ ತೆರಿಗೆ, ದಂಡ ಕಟ್ಟಬೇಕು. ಬಾರದಿದ್ದರೆ ಪೊಟ್ಟಣ ವಾಪಸ್.

"ಉಡುಗೊರೆ ಅಂತಾನೇ ಇದೆ ಅಲ್ವಾ? ನನ್ನ ಹೆಸರೇ ಅಲ್ವಾ?" ಅತ್ತೆ ಸ್ಟೂಲ್ ಎಳೆದುಕೊಂಡು ಕೂತರು. "ನಮ್ಮ ಆಸ್ಪತ್ರೆಯ ಸಿಸ್ಟರ್ ಕಳಿಸಿರ್ತಾಳೆ, ಇನ್ಯಾರು? ಮಗಳ ಜೊತೆ ಪರದೇಶಕ್ಕೆ ಹೋಗಿ ಹದಿನಾಲ್ಕು ವರ್ಷ ಆಯ್ತು. ಒಂದು ಕಾಗದ ಇಲ್ಲ, ಫೋನ್ ಇಲ್ಲ. ಮರೆತೇಬಿಟ್ಲು ಅಂದ್ಕೊಂಡಿದ್ದೆ. ನೋಡಿ, ನೆನಪಿಟ್ಕೊಂಡಿದಾಳೆ."

ಅವನು ಕಾಗದ ಮಡಚಿ ವಾಪಸ್ ಕೊಟ್ಟ. ಆಗಲೇ ನಿಜ ಹೇಳಬೇಕಿತ್ತು.

"ಇರ್ಬಹುದು ಅತ್ತೆ" ಎಂದುಬಿಟ್ಟ.

ಮಂಗಳವಾರ ಅತ್ತೆ ಹಳೇ ಪೆಟ್ಟಿಗೆ ತೆಗೆದು ಗೆಳತಿಯ ಫೋಟೋ ಹುಡುಕಿದರು. ಮಗಳಿಗೆ ಅವಳ ಕಥೆಗಳನ್ನೆಲ್ಲ ಹೇಳಿದರು. ಅವನು ಊಟಕ್ಕೆ ಕೂತು ಎದ್ದ, ಅಂಗಡಿಗೆ ಹೋದ, ಬೀಗ ಹಾಕಿದೆನೋ ಇಲ್ಲವೋ ಎಂದು ಎರಡು ಸಲ ವಾಪಸ್ ಬಂದು ನೋಡಿದ. ಯಾರದೋ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಬೈಸಿಕೊಂಡ.

ಬುಧವಾರ ಬೆಳಿಗ್ಗೆ ಅಂಚೆ ಹಂಚುವ ಅಕ್ಕ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದಳು. ಆ ಬೀದಿಯ ಪಾರ್ಸೆಲ್‌ಗಳೆಲ್ಲ ಅವಳ ಕೈಯಿಂದಲೇ ಬರುವುದು.

"ಏನಣ್ಣ, ಮುಖ ಇಷ್ಟು ಇಳಿದುಹೋಗಿದೆ? ಅತ್ತೆಯಮ್ಮನ ಪಾರ್ಸೆಲ್ ನಿಮ್ಮ ಎಂಜಿನ್ನದೇ ತಾನೆ?"

ಅವನು ಬೆಚ್ಚಿಬಿದ್ದ. "ನಿಂಗೆ ಹೇಗೆ ಗೊತ್ತು?"

"ಗಾಲಿ ತಂದ್ಕೊಟ್ಟೋಳು ನಾನು, ಬಾಯ್ಲರ್ ತಂದ್ಕೊಟ್ಟೋಳು ನಾನು, ಸೋಮವಾರ ಆ ಕಾಗದ ತಂದ್ಕೊಟ್ಟೋಳೂ ನಾನೇ. ಅಷ್ಟೂ ತಿಳಿಯಲ್ವಾ?"

"ಅಲ್ಲಮ್ಮ, ಮಾರಾಟ ತೆರಿಗೆ ಅಂದ್ರೆ ಮಾರೋನು ಕಟ್ಬೇಕು. ನಾನು ಕೊಳ್ಳೋನು. ಅದೂ ಹವ್ಯಾಸಕ್ಕೆ. ಲಾಭಕ್ಕೆ ಮಾರ್ತೀನಾ?"

"ಕೊಡೋದು ಯಾವತ್ತೂ ಕೊಳ್ಳೋರೇ ಅಣ್ಣ. ನಿಮ್ಮ ಬಿಲ್ಲಿನ ಕೊನೇ ಸಾಲು ನೋಡ್ಕೊಳ್ಳಿ. ಗಿರಾಕಿ ಹತ್ರ ಇಸ್ಕೊಂಡು ನೀವು ಸರ್ಕಾರಕ್ಕೆ ಕಟ್ತೀರಿ. ಪರದೇಶದವನು ಇಸ್ಕೊಂಡಿಲ್ಲ ಅಂದ್ರೆ, ಸಾಮಾನು ಇಲ್ಲಿಗೆ ಬಂದಾಗ ನೀವೇ ಕಟ್ಬೇಕು. ಕೆಲವರು ಆರ್ಡರ್ ಮಾಡೋವಾಗ್ಲೇ ತೆರಿಗೆ ಸೇರಿಸಿ ತಗೋತಾರೆ. ಆಗ ಆ ರಸೀದಿ ಇಟ್ಕೊಂಡಿದ್ರೆ ಆಯ್ತು, ಎರಡನೇ ಸಲ ಕಟ್ಟೋ ಗೋಜಿಲ್ಲ. ಇನ್ನು ಹವ್ಯಾಸ ಅಂದ್ರಲ್ಲ, ಆಟದ ಸಾಮಾನು ಪಕ್ಕದ ಅಂಗಡೀಲಿ ತಗೊಂಡ್ರೆ ತೆರಿಗೆ ಬಿಡ್ತಾರಾ?"

"ನನ್ನೊಬ್ಬನ ತೆರಿಗೆಯಿಂದ ಯಾವ ರಸ್ತೆ ಕೆಲಸ ನಿಂತುಹೋಗುತ್ತೆ ಬಿಡು."

ಅಕ್ಕ ನಕ್ಕಳು. "ಹೋದ ತಿಂಗಳು ಇದೇ ಬಾಗಿಲಲ್ಲಿ ನಿಂತು ಯಾರೋ ಹಾರಾಡ್ತಿದ್ರು. 'ಜನ ಪರದೇಶದಿಂದ ಫ್ರೇಮ್ ತರಿಸ್ಕೋತಾರೆ, ಗಿಫ್ಟ್ ಅಂತ ಬರೆಸಿ ತೆರಿಗೆ ನುಂಗ್ತಾರೆ, ನಾನು ತೆರಿಗೆ ಕಟ್ಟಿ ಆ ರೇಟಿಗೆ ಮಾರೋದು ಹೇಗೆ, ಅಂಗಡಿಗೆ ಬಾಗಿಲು ಹಾಕ್ಬೇಕಷ್ಟೇ' ಅಂತ. ಯಾರಣ್ಣ ಅದು?"

ಅವನು ಕೈಯಲ್ಲಿದ್ದ ಗಾಜು ಒರೆಸಿದ. ಅದು ಆಗಲೇ ಶುಚಿಯಾಗಿತ್ತು, ಆದರೂ ಒರೆಸಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ. "ಅತ್ತೆ ಸುಮ್ನೆ ಸಹಿ ಹಾಕ್ಬಿಟ್ರೆ?"

"ಹಾಕ್ಲಿ. ಸುಳ್ಳು ಅಂತ ಗೊತ್ತಾದ್ರೆ ಕರೆಯೋದು ಅವರನ್ನ, ನಿಮ್ಮನ್ನಲ್ಲ. ಹೆಸರು ಅವರದು." ಸೈಕಲ್ ಸ್ಟ್ಯಾಂಡ್ ಒದ್ದು ಅವಳು ಹೊರಟೇಬಿಟ್ಟಳು.

ಗುರುವಾರ ಹೇಳುತ್ತೇನೆ ಅಂದುಕೊಂಡ. ಗುರುವಾರ ಕಳೆಯಿತು. ಶುಕ್ರವಾರ ಹತ್ತು ಗಂಟೆಗೆ ಅತ್ತೆ, ಅಳಿಯ ಪಾರ್ಸೆಲ್ ಕಚೇರಿಯ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದರು. ಅತ್ತೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟಿದ್ದರು. ಮಡಿಲಲ್ಲಿ ಒಂದು ಪುಟ್ಟ ಡೈರಿ.

"ಅದ್ಯಾಕೆ ಅತ್ತೆ?"

"ಡಬ್ಬಿ ಮೇಲೆ ಅವಳ ವಿಳಾಸ ಇರುತ್ತಲ್ಲ, ಬರ್ಕೊಳ್ಳೋಕೆ."

ಅವನು ಎದ್ದ. ನೀರು ಕುಡಿದ. ಗೋಡೆಯ ಮೇಲಿನ ನೋಟಿಸನ್ನು ಓದದೆ ಓದಿದ. ಬಂದು ಕೂತ, ಮತ್ತೆ ಎದ್ದ. "ಏನ್ರೀ ಇದು, ಬಿಸಿ ಹೆಂಚಿನ ಮೇಲೆ ಕೂತೋರ ಹಾಗೆ!" ಎಂದು ಅತ್ತೆ ಗದರಿದರು. ಅಷ್ಟರಲ್ಲಿ ಅವರ ನಂಬರ್ ಬಂತು.

ಕೌಂಟರಿನ ಅಧಿಕಾರಿ ಕಾಗದ ಮುಂದೆ ತಳ್ಳಿದರು. "ಕಳಿಸಿದ್ದು ಯಾರಮ್ಮ?"

"ನನ್ನ ಗೆಳತಿ. ಜೊತೇಲಿ ಕೆಲಸ ಮಾಡ್ತಿದ್ವಿ."

"ಹಾಗಾದ್ರೆ ಇಲ್ಲಿ ಸಹಿ ಮಾಡಿ."

ಅಧಿಕಾರಿಯ ಹಿಂದಿನ ಕಪಾಟಿನಲ್ಲಿ ಆ ಕಂದು ಡಬ್ಬಿ ಕಾಣುತ್ತಿತ್ತು. ಒಂದು ಸಹಿ ಬಿದ್ದರೆ ಡಬ್ಬಿ ಅವನದು. ಹನ್ನೊಂದು ತಿಂಗಳ ಕೆಲಸ ಪೂರ್ತಿ. ಅತ್ತೆಯ ಪೆನ್ನಿನ ಮೊನೆ ಕಾಗದ ಮುಟ್ಟಿತು.

"ಅತ್ತೆ, ಸಹಿ ಹಾಕ್ಬೇಡಿ!" ಅವನ ದನಿ ಅವನಿಗೇ ದೊಡ್ಡದಾಗಿ ಕೇಳಿಸಿತು. "ಅದು ನಿಮ್ಮ ಗೆಳತಿ ಕಳಿಸಿದ್ದಲ್ಲ. ನನ್ನ ಎಂಜಿನ್ನಿಗೆ ನಾನೇ ತರಿಸಿದ್ದು. ತೆರಿಗೆ ತಪ್ಪಿಸೋಕೆ ನಿಮ್ಮ ಹೆಸರು ಬರೆಸಿದ್ದೆ."

ಅತ್ತೆ ಪೆನ್ನಿಗೆ ಮುಚ್ಚಳ ಹಾಕಿದರು. ಅಧಿಕಾರಿ ಮೇಜಿನ ಖಾನೆಯಿಂದ ಇನ್ನೊಂದು ಕಾಗದ ತೆಗೆದರು. ಡಬ್ಬಿಯೊಳಗೆ ಮುದುಕ ಇಟ್ಟಿದ್ದ ಅಸಲಿ ಬಿಲ್. "ಬೆಲೆ ನಮಗೆ ಮೊದಲೇ ಗೊತ್ತಿತ್ತು. ಅಮ್ಮ ಸಹಿ ಹಾಕಿದ್ದಿದ್ರೆ ಸುಳ್ಳು ಹೇಳಿದ ಕೇಸು ಅವರ ಮೇಲೆ ಬೀಳ್ತಿತ್ತು" ಎಂದರು.

ಅವನು ಗಾಲಿಯ ವಿಷಯ, ಬಾಯ್ಲರಿನ ವಿಷಯ ಎಲ್ಲ ಒಪ್ಪಿಕೊಂಡ. ಮೂರಕ್ಕೂ ತೆರಿಗೆ ಕಟ್ಟಿದ, ಮೇಲೆ ದಂಡ ಕಟ್ಟಿದ. ದಂಡವೇ ತೆರಿಗೆಗಿಂತ ಜಾಸ್ತಿಯಾಯಿತು. ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದ. ಬೇಕಾದದ್ದು ಸಿಕ್ಕಿತ್ತು, ಆದರೆ ಅತ್ತೆಯ ಮುಖ ನೋಡದೆ ಅವರ ಹಿಂದೆ ನಡೆದ.

ಮೆಟ್ಟಿಲ ಮೇಲೆ ಅತ್ತೆ ನಿಂತರು. "ತೆರಿಗೆ ಕಟ್ಟಿದ್ರಿ, ದಂಡಾನೂ ಕಟ್ಟಿದ್ರಿ. ಸರಿ. ಅವಳಿಗೆ ನನ್ನ ನೆನಪಿದೆ ಅಂತ ನಾನು ಐದು ದಿನ ಖುಷಿಯಾಗಿದ್ನಲ್ಲ, ಅದನ್ನ ಯಾವ ಕೌಂಟರಲ್ಲಿ ಕಟ್ತೀರಿ ಅಳಿಯಂದ್ರೇ?"

ಅವನ ಕಣ್ಣು ತುಂಬಿತು. "ತಪ್ಪಾಯ್ತು ಅತ್ತೆ" ಅಂದ. ಅದಕ್ಕಿಂತ ದೊಡ್ಡ ಮಾತು ಅವನಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿದಳು. "ಇನ್ಮೇಲೆ ನನ್ನ ಹೆಸರಿಗೆ, ಅಮ್ಮನ ಹೆಸರಿಗೆ ಒಂದು ಸ್ಕ್ರೂನೂ ಬರಕೂಡದು" ಎಂದಳು. ಬರಲಿಲ್ಲ. ಈಗ ಅವನು ಏನೇ ತರಿಸಿದರೂ ಮೊದಲು ಬೆಲೆಯ ಪಕ್ಕ ತೆರಿಗೆ ಬರೆದು ಕೂಡಿಸುತ್ತಾನೆ. ಕೈಗೆಟುಕಿದರೆ ತರಿಸುತ್ತಾನೆ, ಇಲ್ಲದಿದ್ದರೆ ಮುಂದಿನ ತಿಂಗಳಿಗೆ ಕಾಯುತ್ತಾನೆ. ಅತ್ತೆ ಅವನ ಜೊತೆ ಮಾತಾಡುತ್ತಾರೆ. ಆದರೆ ಅವನು ಓದಿ ಹೇಳಿದ ಕಾಗದವನ್ನು ಮಗಳಿಂದ ಇನ್ನೊಮ್ಮೆ ಓದಿಸುತ್ತಾರೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಒಂದು ಹವ್ಯಾಸ ಇದ್ದೀತು. ಹೊರದೇಶದಿಂದ ತರಿಸುವ ಮುಂಚೆ ತೆರಿಗೆ ಬೆಲೆಯಲ್ಲಿ ಸೇರಿದೆಯೋ ಇಲ್ಲವೋ ಮಾರುವವರನ್ನು ಕೇಳಿ. ಸೇರಿದ್ದರೆ ರಸೀದಿ ಜೋಪಾನ ಮಾಡಿ. ಸೇರಿಲ್ಲದಿದ್ದರೆ ಎಷ್ಟಾಗುತ್ತದೆಂದು ಪಾರ್ಸೆಲ್ ಕಚೇರಿಯಲ್ಲೇ ವಿಚಾರಿಸಿ; ಹಣ ಕಟ್ಟಿ ಎಂದು ಫೋನಿಗೆ ಬರುವ ಅಪರಿಚಿತ ಲಿಂಕ್ ಒತ್ತಬೇಡಿ. ಕೊಂಡದ್ದನ್ನು ಉಡುಗೊರೆ ಎಂದು ಬರೆಸಬೇಡಿ. ಆಸೆ ನಿಮ್ಮದಾದ ಮೇಲೆ ಪೊಟ್ಟಣದ ಮೇಲಿನ ಹೆಸರೂ ನಿಮ್ಮದೇ ಇರಲಿ. ಮನೆಯವರ ಹೆಸರು ಅಗ್ಗದ ಸಾಮಾನಲ್ಲ.