ಬೀಗರ ಬಂಡಿ

ಚಿತ್ರ ಬರೆಯುವುದಕ್ಕೂ ಒಂದು ಶಾಲೆ ಬೇಕೆ? ಈ ಮಾತನ್ನು ನಾನು ಸಿಂದಗಿಯ ಚಹಾದಂಗಡಿಯಲ್ಲಿ ಕೇಳಿದಾಗಲೆಲ್ಲ ಕೂತವರು ಬೇಡವೆಂದೇ ತಲೆಯಾಡಿಸಿದರು. ನಮ್ಮಪ್ಪ ನನಗೆ ಕುಂಚ ಹಿಡಿಯಲು ಕಲಿಸಿದ್ದು ಬೆನ್ನಿಗೆ ಗುದ್ದಿ ಗುದ್ದಿ. ಅಷ್ಟು ಕಲಿಕೆಯಲ್ಲೇ ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಅಂತ ಕರೆದ ಕಡೆಗೆಲ್ಲ ಹೋಗಿ ಮದುವೆ ಮನೆಯ ಗೋಡೆ ಬರೆದಿದ್ದೇನೆ. ಪೇಂಟರ್ ಸಂಗಣ್ಣ ಅಂದರೆ ಸಾಕು, ಮನೆ ತೋರಿಸುತ್ತಾರೆ.

ಆದರೂ ಮಗಳು ಹುಲಿಗೆವ್ವನನ್ನು ಗುಲಬರ್ಗಾದ ಚಿತ್ರದ ಶಾಲೆಗೆ ಒಂದು ವರ್ಷ ಕಳಿಸಿದೆ. ಕಳಿಸಿದವಳು ನನ್ನ ಹೆಂಡತಿ ರಾಮವ್ವ ಅನ್ನುವುದೇ ಸರಿ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಮನೆಗೆ ಬಂದು, ಈ ಹುಡುಗಿಯ ಕೈಯಲ್ಲಿ ಏನೋ ಇದೆ ಎಂದು ಹೇಳಿ ಹೋದ ಮೇಲೆ, ನಾನು ಒಪ್ಪುವತನಕ ರಾಮವ್ವ ನನಗೆ ನೆಟ್ಟಗೆ ಒಂದು ರೊಟ್ಟಿ ಹಾಕಲಿಲ್ಲ. ಗುಲಬರ್ಗಾದಲ್ಲಿ ನನ್ನ ತಂಗಿಯ ಮನೆ ಇತ್ತು, ಹುಡುಗಿ ಅಲ್ಲೇ ಉಳಿದಳು.

ಬೇಸಿಗೆ ರಜೆಗೆ ಬಂದವಳು ಕೋರ್ಸು ಇನ್ನೂ ಬಹಳ ಉಳಿದಿದೆ ಎಂದಳು.

"ಇನ್ನೂ ಏನ್ ಕಲಿಯೋದೈತವಾ? ಆನಿಗೆ ನಾಕು ಕಾಲ ಇರ್ತಾವಂತ ನನಗೂ ಗೊತ್ತೈತಿ" ಎಂದೆ.

"ಅಪ್ಪಾ, ಒಂದು ಗ್ವಾಡಿ ನನಗ ಕೊಡು. ನೋಡಿದ ಮ್ಯಾಲೆ ನೀನ ಹೇಳು, ತಿರುಗಿ ಸಾಲಿಗೆ ಹೋಗ್ಲೋ ಬ್ಯಾಡೋ."

ಆಯಿತು ಎಂದೆ. ಮನಸ್ಸಿನಲ್ಲಿ ಮಾತ್ರ, ಇನ್ನು ಇವಳು ಹೋಗುವುದಿಲ್ಲ ಬಿಡು ಅಂದುಕೊಂಡೆ.

ದೇವರ ಹಿಪ್ಪರಗಿಯಲ್ಲಿ ಸೋಮನಿಂಗನ ಮಗಳ ಮದುವೆ. ಗಂಡಿನವರು ತಾಂಬಾದವರು. ಬಾಗಿಲ ಎಡಕ್ಕೆ ಹೆಣ್ಣಿನವರ ಬಂಡಿ, ಬಲಕ್ಕೆ ಬೀಗರ ಬಂಡಿ ಬರೆಯಬೇಕು. ಎರಡೂ ಕಡೆಯ ಎತ್ತು ಒಂದೇ ಅಳತೆ ಇರಬೇಕು. ಒಂದು ಬೆರಳು ಹೆಚ್ಚುಕಡಿಮೆಯಾದರೂ ಮದುವೆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ನಾನು ಒಂದು ದಾರ ಇಟ್ಟುಕೊಂಡಿದ್ದೇನೆ. ಈ ಕಡೆಯ ಎತ್ತನ್ನು ಅದರಿಂದ ಅಳೆದು, ಅದೇ ದಾರವನ್ನು ಆ ಕಡೆಗೆ ಹಿಡಿಯುತ್ತೇನೆ. ನನ್ನ ಗೋಡೆಯ ಮುಂದೆ ಇವತ್ತಿನವರೆಗೆ ಜಗಳವಾಗಿಲ್ಲ.

ಎಡಗೋಡೆ ನಾನು ಹಿಡಿದೆ, ಬಲಗೋಡೆ ಮಗಳಿಗೆ ಕೊಟ್ಟೆ. ನನ್ನದು ಮುಗಿಸಿ, ಬಾಗಿಲ ಮೇಲೆ ಗಂಡು ಹೆಣ್ಣಿನ ಹೆಸರು ಬರೆಯಲು ಏಣಿ ಹತ್ತಿದೆ. ಬರೆದು ಇಳಿದು ನೋಡುತ್ತೇನೆ, ಅಯ್ಯೋ ಶಿವನೇ! ಬಾಗಿಲ ಪಕ್ಕದ ಜಾಗ ಬಿಟ್ಟರೆ ಬಲಗೋಡೆಯ ತುಂಬ ಹಾದಿ, ಹಾದಿಯ ಎರಡೂ ಬದಿಗೆ ಜೋಳದ ಹೊಲ. ಆ ಹಾದಿಯ ಕೊನೆಗೆ ಬೀಗರ ಬಂಡಿ, ಅಂಗೈಯಷ್ಟು! ಎತ್ತುಗಳು ನನ್ನ ಎತ್ತಿನ ಕಿವಿಯಷ್ಟೂ ಇರಲಿಲ್ಲ.

"ದಾರ ಎಲ್ಲಿ ಒಗದೀ?" ಎಂದು ಹಲ್ಲು ಕಡಿದೆ.

"ದಾರ ಬೇಕಾಗಲಿಲ್ಲಪ್ಪಾ" ಎಂದಳು, ಕುಂಚ ತೊಳೆಯುತ್ತ.

ಸುಣ್ಣ ಬಳಿದು ಅಳಿಸೋಣ ಎನ್ನುವಷ್ಟರಲ್ಲಿ ಬೀಗರೇ ಬಂದುಬಿಟ್ಟರು. ಗಂಡಿನ ತಂದೆ ಅಮೋಘಸಿದ್ಧ ರುಮಾಲು ಸರಿಮಾಡಿಕೊಳ್ಳುತ್ತ ಬಂದು ಗೋಡೆಗೆ ಮುಖ ಇಟ್ಟು ನೋಡಿದ.

"ಏನೋ ಪೇಂಟರ್, ನಮ್ಮವು ಎತ್ತೋ ಆಡಿನ ಮರಿಯೋ? ಹೆಣ್ಣಿನವರ ಎತ್ತು ನೋಡಿದ್ರ ಆನಿ ಆಗ್ಯಾವು. ಸೋಮನಿಂಗ, ಕರೆದು ಮರ್ಯಾದಿ ಕಳೀತೀಯೇನು?"

ಸೋಮನಿಂಗ ನನ್ನ ಮುಖ ನೋಡಿದ. ನಾನು ಸುಣ್ಣದ ಡಬ್ಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಹುಲಿಗೆವ್ವ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು.

"ಸಣ್ಣವಲ್ಲರಿ ಕಾಕಾ. ದೂರ ಅದಾವ. ಒಂದೀಟು ಆ ಬೇವಿನ ಗಿಡದ ಕಡೆ ನಿಂತು ನೋಡ್ರಿ."

ಗೊಣಗುತ್ತಲೇ ಅಮೋಘಸಿದ್ಧ ಓಣಿ ದಾಟಿ ಹೋದ. ಅವನ ಹಿಂದೆ ಎಲ್ಲರೂ ಹೋದರು, ನಾನೂ ಹೋದೆ. ಗೋಡೆಗೆ ಮೂಗು ಹಚ್ಚಿ ಬರೆಯುವ ನನಗೆ ಓಣಿಯ ಆಚೆ ನಿಂತು ನೋಡುವುದು ಯಾವತ್ತೂ ಹೊಳೆದಿರಲಿಲ್ಲ. ಅಲ್ಲಿಂದ ನೋಡಿದರೆ ಗೋಡೆಯೇ ಇಲ್ಲ! ಹಾದಿ ಸೋಮನಿಂಗನ ಮನೆಯೊಳಗೆ ಹೊಕ್ಕು ಆಚೆ ಹೊಲಕ್ಕೆ ಹೋಗಿತ್ತು. ಬಂಡಿ ನಮ್ಮ ಕಡೆಗೇ ಬರುತ್ತಿತ್ತು.

"ಎಲಾ ಇವನ, ಇದು ನಮ್ಮ ತಾಂಬಾ ಹಾದಿನ ಐತಲ್ಲೋ!" ಎಂದ ಅಮೋಘಸಿದ್ಧ, ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಆದರೆ ಕಟ್ಟೆಯ ಮೇಲೆ ಕೂತಿದ್ದ ಸೋಮನಿಂಗನ ತಾಯಿ ತಿಪ್ಪವ್ವ ಬಾಯಿ ತೆರೆದಳು.

"ಚಂದ ಐತಿ, ಖರೆ. ಆದ್ರ ಬೀಗರು ಇನ್ನೂ ಹಾದ್ಯಾಗ ಅದಾರಲ್ಲವಾ? ಮೊಮ್ಮಗಳಿಗೆ ಮಕ್ಕಳಾದ್ರೂ ಅಲ್ಲೇ ಇರ್ತಾರೇನು? ಬಂದು ಇಳಿಯೋದು ಯಾವಾಗ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಗಳ ಮುಖ ಇಳಿಯಿತು. ಉಗುರು ಕಚ್ಚುತ್ತ ಗೋಡೆಯನ್ನೇ ನೋಡಿದಳು, ಆಮೇಲೆ ನನ್ನನ್ನು.

"ಆಯಿ ಹೇಳೋದು ಖರೆ ಐತಿ. ಅಪ್ಪಾ, ಬಾಗಿಲ ಹಂತ್ಯಾಕ ಜಾಗ ಉಳದೈತಿ. ಬಂದು ಇಳಿದ ಬಂಡಿ ಬೇಕು. ಅದನ್ನ ನೀನ ಬರಿ. ನೀ ಬರೆದ ಎತ್ತು ಮನಿ ಮುಂದ ನಿಂತಂಗ ಕಾಣ್ತಾವ."

ದಾರ ಕೈಗೆತ್ತಿಕೊಂಡೆ. ಬಂದು ನಿಂತ ಬಂಡಿ, ನೊಗದಿಂದ ಬಿಚ್ಚಿದ ಎರಡು ಎತ್ತು, ಮುಂದೆ ಜೋಳದ ಕಣಿಕಿ, ಮೇಯುತ್ತ ನಿಂತಿವೆ. ಎಡಗಡೆಯ ಎತ್ತಿಗೆ ಸರಿಸಮ. ಬದಿಯಿಂದ ಬರೆದರೂ ಎರಡು ಕಣ್ಣು ಕಾಣಬೇಕು, ಅದು ನಮ್ಮಪ್ಪನ ಕಟ್ಟಳೆ. ಮದುವೆ ಮನೆಗೆ ಒಕ್ಕಣ್ಣಿನ ಎತ್ತು ಬರಬಾರದು.

"ನಿಮ್ಮ ಸಾಲ್ಯಾಗ ಇದು ತಪ್ಪೇನು?" ಎಂದು ಕೇಳಿದೆ.

"ತಪ್ಪು. ಹಂಗ ಇರ್ಲಿ, ಅಳಿಸಬ್ಯಾಡ" ಎಂದು ನಕ್ಕಳು. ಆಮೇಲೆ ಕೆಳಗೆ ಕೂತು, ಹಾದಿಗೆ ಹಚ್ಚಿದ ಧೂಳಿನ ಬಣ್ಣವನ್ನೇ ಎತ್ತಿನ ಗೊರಸಿಗೂ ಬಂಡಿಯ ಗಾಲಿಗೂ ಹಚ್ಚಿದಳು. ದೂರದ ಬಂಡಿಯೇ ಈಗ ಬಂದು ಇಳಿದಿತ್ತು. ಅಮೋಘಸಿದ್ಧ ಬಾಗಿಲಲ್ಲಿ ನಿಂತು ತನ್ನ ಎತ್ತುಗಳನ್ನು ಬಂದವರಿಗೆಲ್ಲ ತೋರಿಸಿದ. ಅಷ್ಟು ಖುಷಿ ನನಗೆ ಯಾವ ಗೋಡೆಯೂ ಕೊಟ್ಟಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಮಗಳು ಮೆಲ್ಲಗೆ ಕೇಳಿದಳು: "ಹೋಗ್ಲೇನಪ್ಪಾ?"

"ನನ್ನೇನ್ ಕೇಳ್ತಿ? ನಿಮ್ಮವ್ವ ಶೇಂಗಾ ಚಟ್ನಿ ಕುಟ್ಟಿ ಡಬ್ಬಿ ತುಂಬ್ಯಾಳ" ಎಂದು ಗದರಿಸಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು.

ಶಾಲೆ ಶುರುವಾಗುವ ಹೊತ್ತಿಗೆ ಸಿಂದಗಿಯ ಸ್ಟ್ಯಾಂಡಿಗೆ ಹೋಗಿ ಅವಳನ್ನು ಬಸ್ಸು ಹತ್ತಿಸಿದೆವು. ಬಸ್ಸು ಗುಲಬರ್ಗಾದ ಹಾದಿ ಹಿಡಿಯಿತು. ಇಷ್ಟು ದಿನ ಕಳಿಸ್ರಿ ಕಳಿಸ್ರಿ ಎಂದು ನನ್ನ ತಲೆ ತಿಂದ ರಾಮವ್ವ ಈಗ ಸೆರಗು ಬಾಯಿಗಿಟ್ಟು ಅಳತೊಡಗಿದಳು.

"ನೋಡ್ರಿ, ಎಷ್ಟು ಸಣ್ಣದಾತು ಬಸ್ಸು."

ನನ್ನ ಕಣ್ಣೂ ಒದ್ದೆಯಾಗಿತ್ತು, ಆದರೆ ಹೊಟ್ಟೆ ತಣ್ಣಗಿತ್ತು.

"ಸಣ್ಣದಲ್ಲ ಹುಚ್ಚೀ" ಎಂದೆ. "ದೂರ ಐತಿ, ಅಷ್ಟ."