ಸದ್ದಿನ ಬದಿಯ ಕೋಣೆ

ಜನರ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಒಂದು ಕೋಣೆ, ಆ ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ. ಒಳಗಿನದರ ಬಾಗಿಲು ಗೇಣು ದಪ್ಪದ್ದು, ಮುಚ್ಚಿದರೆ ಹೊರಗಿನ ಸದ್ದು ಸತ್ತುಹೋಗುತ್ತದೆ. ರೋಗಿ ಅದರೊಳಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ. ನಾನು ಗಾಜಿನ ಈಚೆ ಮಷಿನ್ ಮುಂದೆ ಕೂತು ಒಂದೊಂದೇ ಸ್ವರ ಕಳಿಸುತ್ತೇನೆ. ಕೇಳಿಸಿದರೆ ಅವನು ಗುಂಡಿ ಒತ್ತಬೇಕು, ನನ್ನ ಕಡೆ ಹಸಿರು ದೀಪ ಹತ್ತುತ್ತದೆ. ಕೇಳಿಸದಿದ್ದರೂ ಒತ್ತುವವರಿದ್ದಾರೆ. ಅವರನ್ನು ಹಿಡಿಯುವುದರಲ್ಲಿ ನನ್ನದು ಎತ್ತಿದ ಕೈ.

ಮೊದಲ ರೋಗಿ ಬರುವ ಮುಂಚೆ ಮಷಿನ್ ಸರಿಯಿದೆಯೇ ಎಂದು ನಮ್ಮ ಕಿವಿಯಲ್ಲೇ ನೋಡಿಕೊಳ್ಳುವುದು ಕ್ರಮ. ಪ್ರತಿ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು, ಬಲಗೈಯಲ್ಲಿ ಸ್ವರ ಕೊಟ್ಟು, ಎಡಗೈಯಲ್ಲಿ ಗುಂಡಿ ಒತ್ತಿ, 'ಎಲ್ಲ ಕೇಳಿಸಿತು' ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಿದ್ದೆ. ಹದಿನಾರು ವರ್ಷ.

ಕಳೆದ ತಿಂಗಳು ಒಂದೇ ಬೆಳಿಗ್ಗೆ ಬಂದ ಮೂವರಿಗೆ ಬಲಗಿವಿಯಲ್ಲಿ ಮೇಲಿನ ಕೀರಲು ಸ್ವರಗಳು ಕೇಳಿಸಲಿಲ್ಲ. ಒಬ್ಬ ಮುದುಕ, ಒಬ್ಬ ಬಸ್ ಡ್ರೈವರ್, ಒಬ್ಬಳು ಕಾಲೇಜು ಹುಡುಗಿ. ಮೂವರ ಗ್ರಾಫೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿತ್ತು. ನನ್ನ ಜೊತೆ ಕೆಲಸ ಮಾಡುವ ಪಿಸು ಮೂರು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದ. ಪಿಸು ಎನ್ನುವುದು ನಾನಿಟ್ಟ ಹೆಸರು. ಒಂದೆರಡು ವರ್ಷದಿಂದ ಅವನು ಬರೀ ಪಿಸುಗುಟ್ಟುತ್ತಿದ್ದ.

"ಮೇಡಂ, ಹೆಡ್‌ಫೋನ್ ಕೆಟ್ಟಿದೆ. ಬಲಗಡೆ ಮೇಲಿನ ಸ್ವರ ಬರ್ತಾನೇ ಇಲ್ಲ. ಬೆಳಗ್ಗೆ ನೋಡಿದ್ರಾ?"

"ನೋಡ್ದೆ. ಎಲ್ಲಾ ಕೇಳಿಸ್ತು."

"ಇಲ್ದೇ ಇರೋದು ಹೇಗೆ ಕೇಳಿಸುತ್ತೆ?"

ಅವನು ಹೊಸ ಹೆಡ್‌ಫೋನ್ ತಂದು ನನ್ನನ್ನು ಒಳಗೆ ಕೂರಿಸಿದ. "ಕುರ್ಚಿ ಗೋಡೆ ಕಡೆ ತಿರುಗಿಸ್ಕೊಳ್ಳಿ ಮೇಡಂ. ನನ್ನ ಕೈ ನಿಮಗೆ ಕಾಣ್ಬಾರ್ದು."

ಸ್ವರ ಕೊಡುವ ಕೈ ನನ್ನದೇ ಆಗಿದ್ದಾಗ, ಕೈಗೆ ತಿಳಿದದ್ದನ್ನು ಕಿವಿ ತಾನು ಕೇಳಿದೆ ಎಂದು ನಂಬಿಕೊಂಡಿತ್ತು. ಗೋಡೆಯ ಕಡೆ ಮುಖ ಮಾಡಿ ಕೂತಾಗ ಮೊದಲು ನಾಲ್ಕಾರು ಸ್ವರ ಬಂದವು, ದಪ್ಪನೆಯವು. ಆಮೇಲೆ ಏನೂ ಇಲ್ಲ. ಪಿಸು ಯಾಕೆ ಶುರು ಮಾಡುತ್ತಿಲ್ಲ ಎಂದು ಕಾಯುತ್ತಾ ಕೂತೆ. ಬಾಗಿಲು ತೆರೆಯಿತು. ಪರೀಕ್ಷೆ ಮುಗಿದಿತ್ತು.

ಗ್ರಾಫಿನಲ್ಲಿ ಎರಡು ಕಿವಿಯದೂ ಒಂದೇ ಗೆರೆ, ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಿನ ಹಾಗೆ. ಆ ಗೆರೆ ನನಗೆ ಗೊತ್ತಿತ್ತು. ಅಪ್ಪನದೂ ಅದೇ. ಐವತ್ತು ದಾಟುವಷ್ಟರಲ್ಲಿ ಅಪ್ಪ ನಮ್ಮ ತುಟಿ ನೋಡಿಕೊಂಡು ನಗುವವರಾಗಿದ್ದರು. ನನಗೀಗ ನಲವತ್ಮೂರು.

"ಕೆಳಗಿನ ಸ್ವರ ಇನ್ನೂ ಇದಾವೆ," ಎಂದರು ನಮ್ಮ ಡಾಕ್ಟರು, ಕನ್ನಡಕ ಒರೆಸುತ್ತಾ. "ಎಷ್ಟು ದಿನ ಅಂತ ಹೇಳೋಕಾಗಲ್ಲ. ಒಂದು ವರ್ಷ ಅಂದ್ಕೊಳ್ಳಿ. ಆಮೇಲೆ ಕಿವಿಗೆ ಮಷಿನ್ ಹಾಕ್ಕೊಂಡ್ರಾಯ್ತು. ನಿಮಗೇನು ಹೇಳೋದು, ನೀವೇ ಎಷ್ಟು ಜನಕ್ಕೆ ಹಾಕಿದೀರಿ."

ಹಾಕಿದ್ದೇನೆ. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬ ಮುದುಕ ಅದನ್ನು ಹಾಕಿಕೊಂಡು ಹೋಗಿ ಒಂದು ತಿಂಗಳಿಗೆ ವಾಪಸು ತಂದಿದ್ದ. ಮಾತು ತಿಳಿಯುತ್ತದೆ, ಸಮುದ್ರ ಮಾತ್ರ ಪ್ಲಾಸ್ಟಿಕ್ ಚೀಲ ಮುದುಡಿದ ಹಾಗೆ ಕೇಳುತ್ತದೆ ಎಂದು ಅವನ ದೂರು.

ಅವನ ಮಾತು ಆಗ ನಗೆ ತರಿಸಿತ್ತು, ಈಗ ಚುಚ್ಚತೊಡಗಿತು. ಕಿವಿಯೊಳಗೆ ತಾನಾಗಿ ಸದ್ದು ಹುಟ್ಟುವ ಕಾಯಿಲೆಯವರು ನಮ್ಮಲ್ಲಿಗೆ ದಿನಾ ಬರುತ್ತಾರೆ. ಎಂಥ ಸದ್ದು ಎಂದು ಕೇಳಿ ಒಂದು ಕಾಲಂ ತುಂಬಬೇಕು. ಹತ್ತರಲ್ಲಿ ಆರು ಜನ 'ಸಮುದ್ರದ ಹಾಗೆ' ಎನ್ನುತ್ತಾರೆ. ಸಾವಿರಾರು ಸಲ ಬರೆದಿದ್ದೇನೆ. ಸಮುದ್ರವನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ನಮ್ಮ ಊರಿಂದ ಅದು ಒಂದು ದಿನದ ದಾರಿ. ಅಪ್ಪ, ಅಮ್ಮ, ಕೆಲಸ, ಏನಾದರೊಂದು ಅಡ್ಡ ಬರುತ್ತಿತ್ತು. ಇರುವ ಕಿವಿಯಲ್ಲಿ ಒಮ್ಮೆ ಕೇಳಿಬಿಡಬೇಕು ಅನ್ನಿಸಿತು. ಅದಕ್ಕೆ ರಸ್ತೆ, ವಾಹನ ಏನೂ ಇಲ್ಲದ ಜಾಗ ಬೇಕು. ದ್ವೀಪವೇ ಬೇಕು. ಒಬ್ಬಳೇ ಹೋಗಬೇಕು.

ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಅಕ್ಕ ಎದುರಿಗೆ ಇಸ್ತ್ರಿ ಮಾಡುತ್ತಿದ್ದಳು. ನನ್ನ ವರದಿ ಬಂದಾಗಿನಿಂದ ಅವಳು ಎದುರಿಗೇ ನಿಲ್ಲುತ್ತಾಳೆ, ಬಾಯಿ ದೊಡ್ಡದಾಗಿ ತೆರೆಯುತ್ತಾಳೆ.

"ಒಬ್ಳೇ ಹೋಗ್ತೀಯಾ? ಬಾಗಿಲು ತಟ್ಟಿದ್ರೆ ಕೇಳ್ಸುತ್ತಾ ನಿಂಗೆ? ಬೆಂಕಿ ಬಿತ್ತು ಅಂತ ಕೂಗಿದ್ರೆ? ನಾನೂ ನಿಮ್ಮ ಭಾವನೂ ಬರ್ತೀವಿ."

"ನೀನು ಬಂದ್ರೆ ಸಮುದ್ರ ಬಾಯಿ ಮುಚ್ಕೋಬೇಕಾಗುತ್ತೆ ಅಕ್ಕಾ."

"ಎಷ್ಟು ಹೇಳಿದ್ರೂ ಅಷ್ಟೆ. ಕೋಣನ ಮುಂದೆ ಕಿ..." ಎಂದವಳು ಅಲ್ಲಿಗೇ ನಿಲ್ಲಿಸಿ ಅಂಗಿಯ ಕಾಲರನ್ನು ಎರಡೆರಡು ಸಲ ತೀಡಿದಳು. ಈ ಮನೆಯಲ್ಲಿ ಕಿವಿಯ ಗಾದೆಗಳೆಲ್ಲ ಒಂದೊಂದಾಗಿ ಅರ್ಧಕ್ಕೆ ನಿಲ್ಲುತ್ತಿದ್ದವು.

ರೆಸಾರ್ಟುಗಳ ಚಿತ್ರಗಳಲ್ಲಿ ಎಲ್ಲ ಕಡೆ ಎರಡೇ ಕುರ್ಚಿ. ತೆಂಗಿನ ಮರದ ಕೆಳಗೆ ಎರಡು, ಕೊಳದ ಪಕ್ಕ ಎರಡು, ನೀರಿನ ಮೇಲೆ ಕಟ್ಟಿದ ಜಗಲಿಯಲ್ಲೂ ಎರಡು. ಚಿತ್ರ ನೋಡಿ ನನಗೇನಾಗಬೇಕು? ಫೋನ್ ಮಾಡಿದೆ. ಅಕ್ಕನೂ ಕೇಳಿಸಿಕೊಳ್ಳಲಿ, ನಾನು ಬಿಟ್ಟದ್ದನ್ನು ಹೇಳಲಿ ಎಂದು ಸ್ಪೀಕರ್ ಹಾಕಿದೆ.

ಮೊದಲನೆಯ ಕಡೆ ಒಬ್ಬ ಹೆಂಗಸು. "ಎಷ್ಟು ಜನ? ಒಬ್ರೇನಾ? ಇನ್ನೊಬ್ರು ಆಮೇಲೆ ಬರ್ತಾರಾ?" ಬರುವುದಿಲ್ಲ ಎಂದೆ. ಅವಳು ನನಗೋಸ್ಕರ ದುಃಖಪಟ್ಟಳು. ಎರಡನೆಯ ಕಡೆ ಕೋಣೆ ಕೋಣೆಗೂ ಸಂಗೀತ, ಈಜುಕೊಳದ ನೀರಿನ ಅಡಿಯಲ್ಲೂ ಸಂಗೀತ. ಮೂರನೆಯದು ಸಣ್ಣ ದ್ವೀಪ, ಹತ್ತೇ ಕೋಣೆ. ಫೋನ್ ಎತ್ತಿದ ಮ್ಯಾನೇಜರು ನಿಧಾನದ ಮನುಷ್ಯ.

"ಫೋನನ್ನ ಸ್ವಲ್ಪ ಸಮುದ್ರದ ಕಡೆ ಹಿಡೀತೀರಾ?" ಎಂದು ಕೇಳಿದೆ.

"ಒಂದ್ನಿಮಿಷ ಮೇಡಂ."

ಕಣ್ಣು ಮುಚ್ಚಿದೆ. ದೂರದಿಂದ ಎದ್ದು ಬಂದು, ಮರಳಿನ ಮೇಲೆ ಹರಡಿ, ಹಿಂದೆ ಸರಿಯುವ ಸದ್ದು. ಮತ್ತೊಮ್ಮೆ.

"ಕೇಳಿಸ್ತು," ಎಂದೆ. "ತುಂಬಾ ಚೆನ್ನಾಗಿದೆ."

"ಏನು ಕೇಳಿಸ್ತು ಮೇಡಂ?" ಎಂದ ಆತ. "ನಾನಿನ್ನೂ ಒಳಗೇ ಇದೀನಿ. ಚಪ್ಪಲಿ ಹುಡುಕ್ತಿದ್ದೆ."

ಕಣ್ಣು ತೆರೆದೆ. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಮತ್ತೆ ಅದೇ ಆಗಿತ್ತು. ಸ್ವರ ಬರುವ ಮೊದಲೇ ಗುಂಡಿ ಒತ್ತಿದ್ದೆ. ಹಾಗಾದರೆ ಅಲ್ಲಿಗೆ ಹೋಗಿ ಕೂತರೂ ನಾನು ಕೇಳುವುದು ಸಮುದ್ರವನ್ನೋ, ಸಾವಿರ ಸಲ ಬರೆದದ್ದನ್ನೋ? ಮನೆಯಲ್ಲೇ ಇದ್ದರೂ ಅಷ್ಟೇ ಆಯಿತಲ್ಲ.

ಫೋನ್ ಇಡಬೇಕೆಂದುಕೊಂಡವಳು, ಅದೇಕೋ ಆ ಕಾಣದ ಮನುಷ್ಯನಿಗೆ ಎಲ್ಲ ಹೇಳಿಬಿಟ್ಟೆ. ಮೆಟ್ಟಿಲಿನಂಥ ಗೆರೆ, ಉಳಿದಿರುವ ದಪ್ಪ ಸ್ವರಗಳು, ಒಂದು ವರ್ಷ.

"ಹಾಗಾದ್ರೆ ಮುಂದುಗಡೆ ಕೋಣೆಗಳು ನಿಮಗೆ ಬೇಡ ಮೇಡಂ," ಎಂದ ಆತ. "ಅಲ್ಲಿ ಹವಳದ ದಿಬ್ಬ ಅಡ್ಡ ಇದೆ, ನೀರು ಸುಮ್ನೆ ಮಲಗಿರುತ್ತೆ. ಚಿತ್ರದಲ್ಲಿರೋದು ಆ ಕಡೆನೇ. ಹಿಂದುಗಡೆ ಒಂದು ಕೋಣೆ ಇದೆ, ಚಿತ್ರ ಹಾಕಿಲ್ಲ. ಬಂಡೆ ಮೇಲೇ ಕಟ್ಟಿರೋದು. ಅಲೆ ಬಡಿದ್ರೆ ಮಂಚ ನಡುಗುತ್ತೆ. ಇಳ್ಕೊಂಡೋರು ಮಾರನೇ ದಿನಾನೇ ಬೇರೆ ಕೊಡಿ ಅಂತಾರೆ. ಗಂಡ ಹೆಂಡ್ತಿ ಅಲ್ಲಿ ಜಗಳ ಆಡೋಕೂ ಆಗಲ್ಲ, ಒಬ್ರ ಮಾತು ಒಬ್ರಿಗೆ ಕೇಳ್ಬೇಕಲ್ಲ."

ಅಕ್ಕ ಮೇಜಿನ ಮೇಲೆ ಬಗ್ಗಿ ಫೋನಿಗೇ ಬಾಯಿ ಹಚ್ಚಿದಳು. "ನಾನು ಇವಳ ಅಕ್ಕ. ಅಲ್ಲಿ ಬಾಗಿಲು ತಟ್ಟಿದ್ರೆ ಇವಳಿಗೆ ಕೇಳಲ್ವಲ್ಲ?"

"ಆ ಕೋಣೇಲಿ ಯಾರಿಗೂ ಕೇಳಲ್ಲಮ್ಮ. ಅದಕ್ಕೇ ನಾವು ತಟ್ಟೋದೇ ಇಲ್ಲ. ಹೊರಗೆ ಹಗ್ಗ ಕಟ್ಟಿದೀವಿ. ಎಳೆದ್ರೆ ಒಳಗೆ ಮಂಚದ ಮೇಲುಗಡೆ ಕೆಂಪು ಬಟ್ಟೆ ಕುಣಿಯುತ್ತೆ. ಮಲಗಿದ್ರೆ ಮುಖಕ್ಕೇ ಬಡಿಯುತ್ತೆ. ಹನ್ನೆರಡು ವರ್ಷದಿಂದ ಹಂಗೇ ನಡೀತಿದೆ."

ಆತ ಮಾತಾಡುತ್ತಲೇ ಹಿಂಬದಿಗೆ ನಡೆದಿದ್ದ. "ಈಗ ಹಿಡೀತೀನಿ," ಎಂದ. ಈ ಸಲ ನಾನು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಏನೂ ಬರಲಿಲ್ಲ. ದಪ್ಪ ಸ್ವರಗಳನ್ನು ಫೋನು ದಾಟಿಸುವುದಿಲ್ಲ. ಅದು ನನ್ನ ವೃತ್ತಿಯವರಿಗೆಲ್ಲ ಗೊತ್ತಿರುವ ವಿಷಯ. ಅವು ಬೇಕೆಂದರೆ ಅಲ್ಲಿಗೇ ಹೋಗಬೇಕು.

"ಕೇಳಿಸ್ತಾ ಮೇಡಂ?"

"ಇಲ್ಲ," ಎಂದೆ.

ಎಷ್ಟೋ ವರ್ಷದ ಮೇಲೆ ನಾನು ಕೊಟ್ಟ ಸರಿಯಾದ ಉತ್ತರ ಅದು. ತಿರುಗಿ ನೋಡಿದರೆ ಅಕ್ಕನ ಮುಖ ಬದಲಾಗಿತ್ತು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. ಅವಳಿಗೆ ಏನೋ ಕೇಳಿಸುತ್ತಿತ್ತು, ಏನೆಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ, ಅಕ್ಕನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ. ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು, ಹದಿನೈದು ದಿನದಾಚೆಯ ತಾರೀಕು ಹಾಕಿ, ಎಷ್ಟು ಜನ ಎಂಬಲ್ಲಿ ತಾನಾಗಿ ಬಂದು ಕೂತಿದ್ದ ಎರಡನ್ನು ಅಳಿಸಿ ಒಂದು ಎಂದು ಒತ್ತಿದಳು.

"ಆ ಬಟ್ಟೆ ಗಟ್ಟಿಯಾಗಿ ಕಟ್ಟಿದಾರಾ ಅಂತ ಹೋದ ತಕ್ಷಣ ನೋಡು," ಎಂದಳು, ಬಾಯಿ ದೊಡ್ಡದು ಮಾಡದೆ, ಮೊದಲಿನ ಹಾಗೆ. ಪೂರ್ತಿ ಕೇಳಿಸಲಿಲ್ಲ. ಅರ್ಥವಾಯಿತು.

ಸೋಮವಾರ ಬೆಳಗಿನ ತಪಾಸಣೆ ಪಿಸು ಮಾಡಿದ. ಈಗ ಅದು ಅವನ ಕೆಲಸ. ಅವನು ಎಲ್ಲರಂತೆಯೇ ಮಾತಾಡುತ್ತಾನೆ, ಕೊಂಚ ಜೋರಾಗಿಯೇ, ಎಂದು ಮಹಡಿಯವರೆಲ್ಲ ಹೇಳಿದ್ದಾರೆ. ಹೆಸರು ಮಾತ್ರ ಹಾಗೇ ಉಳಿದಿದೆ. ಮೊದಲು ಬಂದವನು ಒಬ್ಬ ಬಡಗಿ. ತಿಂಗಳಿಂದ ಕಿವಿಯಲ್ಲಿ ಸದ್ದಂತೆ. ಎಂಥದು ಎಂದು ಕೇಳಿ ಅವನ ತುಟಿ ನೋಡಿದೆ.

"ಸಮುದ್ರದ ಹಾಗೆ."

"ಯಾವ ಸಮುದ್ರ? ಮರಳಿಂದಾ, ಬಂಡೆದಾ?"

ಅವನು ಪಿಸುವಿನ ಮುಖ ನೋಡಿದ, ಆಮೇಲೆ ನನ್ನದು. "ನಾನೆಲ್ಲಿ ನೋಡಿದೀನಿ ಮೇಡಂ ಸಮುದ್ರಾನ? ಎಲ್ರೂ ಹಂಗೇ ಅಂತಾರಲ್ಲ."

ಪೆನ್ನು ಕಾಲಂ ಮೇಲೆ ನಿಂತಿತ್ತು. ಖಾಲಿ ಬಿಟ್ಟು, ಮೂರು ವಾರ ಬಿಟ್ಟು ಬನ್ನಿ ಎಂದು ಅವನಿಗೆ ಹೇಳಿದೆ.