ಕಾಗದದ ಡಬ್ಬಿಯಲ್ಲಿ ಅನ್ನದ ಪೊಟ್ಟಣ

ಕಸದ ಗಾಡಿಯವನು ಕಟ್ಟಡದ ರದ್ದಿ ಕಾಗದ ಹಾಕುವ ಡಬ್ಬಿಯನ್ನು ಮತ್ತೆ ಮುಟ್ಟದೆ ಹೋಗಿದ್ದ. ಯಾರೋ ಸಾರು ಕಲಸಿದ ಅನ್ನವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಹಾಕಿದ್ದರಿಂದ ರದ್ದಿಯೆಲ್ಲ ನೆನೆದು ನಾರುತ್ತಿತ್ತು. ಕಟ್ಟಡದ ಸಂಘದ ಕಾರ್ಯದರ್ಶಿಯಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಸೂರು ಹಾರಿಹೋಗುವಂತೆ ಕೂಗಾಡಿದಳು.

"ಹಸಿ ಯಾವ್ದು, ಒಣ ಯಾವ್ದು ಅಂತ ಎಷ್ಟು ಸಲ ಬಡ್ಕೋಬೇಕು? ಕೆಳಮನೆ ಹುಡುಗರೇ, ನಿಮ್ದೇ ಕೆಲಸ ತಾನೇ?"

"ದೇವ್ರಾಣೆಗೂ ನಾವಲ್ಲ ಅಕ್ಕಾ. ನಮ್ಮನೇಲಿ ಒಲೆ ಹಚ್ಚಿದ್ರೆ ತಾನೇ ಅನ್ನ!"

ಗೊಣಗುತ್ತಲೇ ಅವಳು ಪೊಟ್ಟಣವನ್ನು ಎತ್ತಿದಳು. ನಾಲ್ಕು ಮೂಲೆ ಒಳಗೆ ಮಡಚಿ, ಅಡ್ಡಡ್ಡ ದಾರ ಸುತ್ತಿ, ನೆತ್ತಿಯ ಮೇಲೊಂದು ಜಾರುಗಂಟು. ಅವಳ ಸಿಟ್ಟು ಜರ್ರನೆ ಇಳಿಯಿತು. ಹೀಗೆ ಕಟ್ಟುವ ಕೈ ಇಡೀ ಕಟ್ಟಡದಲ್ಲಿ ಒಂದೇ. ಆಯುಷ್ಯವೆಲ್ಲ ದಿನಸಿ ಅಂಗಡಿಯಲ್ಲಿ ಕೂತು ಪೊಟ್ಟಣ ಕಟ್ಟಿದ ಅವಳ ಅತ್ತೆಯದು.

ಮೇಲೆ ಹೋಗಿ ಪೊಟ್ಟಣ ತೋರಿಸಿದಾಗ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಹೊಸ ಹಲ್ಲಿನ ಸೆಟ್ಟು ಒತ್ತುತ್ತಮ್ಮ. ನಿನ್ನ ಉದುರು ಅನ್ನ ಅಗಿಯೋಕಾಗಲ್ಲ. ಹೇಳಿದ್ರೆ ನೀನು ನೊಂದ್ಕೋತೀಯ ಅಂತ..."

"ಹಸಿ ಡಬ್ಬಿಗಾದ್ರೂ ಹಾಕ್ಬಾರದಿತ್ತಾ ಅತ್ತೆ?"

"ಅದನ್ನ ನೀನು ದಿನಾ ಮುಚ್ಚಳ ತೆಗೆದು ನೋಡ್ತೀಯಲ್ಲ ತಾಯಿ. ಕಾಗದದೊಳಗೆ ಕಾಗದ, ನಿನ್ನ ಕಣ್ಣಿಗೆ ಬೀಳಲ್ಲ ಅಂದ್ಕೊಂಡೆ."

ಕೆಳಮನೆಯ ಹುಡುಗರ ಮುಂದೆ ತಲೆ ತಗ್ಗಿಸುವುದು ಆಮೇಲೆ. ಮೊದಲು ಅವಳು ಅನ್ನದ ಪಾತ್ರೆಗೆ ಎರಡು ಲೋಟ ನೀರು ಸುರಿದು, ಮತ್ತೆ ಒಲೆಯ ಮೇಲಿಟ್ಟಳು.